ಚಕ್ರದ ಮೇಲೆ ಪುಟ್ಟ ಮನೆ ಕಟ್ಟೋ ಪ್ಲಾನ್ ಇದ್ಯಾ? ಮೊದ್ಲು ಭಾರದ ಲೆಕ್ಕ ಹಾಕಿ

ಟೈನಿ ಹೌಸ್ ಅಂದ ತಕ್ಷಣ ಎಲ್ಲರೂ ಮೊದ್ಲು ಹುಡುಕೋದು ಡಿಸೈನ್. ಯೂಟ್ಯೂಬಲ್ಲಿ ಅಮೆರಿಕದವ್ರ ವಿಡಿಯೋ ನೋಡೋದು, ಅಟ್ಟದ ಮೇಲೆ ಹಾಸಿಗೆ, ಕಿಟಕಿ ಹೊರಗೆ ಹಿಮ, ಅದೇ ಪ್ಲಾನಿನ ಪಿಡಿಎಫ್ ಇಳಿಸ್ಕೊಂಡು ಕುಮಟೆಲೋ ಶಿರಸಿಲೋ ವೆಲ್ಡಿಂಗ್ ಅಂಗಡಿಗೆ ಹೋಗಿ "ಹಿಂಗೇ ಮಾಡಿಕೊಡಿ" ಅನ್ನೋದು. ಆ ಪಿಡಿಎಫ್ ಸದ್ಯ ಪಕ್ಕಕ್ಕಿಡಿ ಮಾರಾಯ್ರೆ. ಮೊದ್ಲು ತೀರ್ಮಾನ ಆಗ್ಬೇಕಾದ್ದು ಒಂದೇ, ಈ ಮನೆ ನಿಜವಾಗ್ಲೂ ಎಷ್ಟು ಸಲ ರಸ್ತೆಗೆ ಇಳಿಯತ್ತೆ?

ತಿಂಗಳಿಗೊಂದು ಊರು ಅನ್ನೋರಿಗೆ ಬೇಕಿರೋದು ಮನೆ ಅಲ್ಲ, ಕ್ಯಾರವಾನ್. ಅದಕ್ಕೆ ಬೇರೆ ನಿಯಮ ಇದೆ, ಎಐಎಸ್-124 ಅಂತ, ಅದ್ರ ಪ್ರಕಾರ ಕಟ್ಟೋರ ಹತ್ರಾನೇ ಹೋಗಿ. ಜೀವಮಾನದಲ್ಲಿ ಎರಡು ಸಲ ಜಾಗ ಬದಲಾಯಿಸ್ಬಹುದು ಅಷ್ಟೇ ಅನ್ನೋರಿಗೆ ಚಕ್ರದ ಖರ್ಚೇ ದಂಡ. ಹಳೇ 20 ಅಡಿ ಕಂಟೇನರ್ ತಗೊಳ್ಳಿ, ಖಾಲಿ ಇದ್ದಾಗ ಎರಡೂಕಾಲು ಟನ್ ಆಸುಪಾಸು ತೂಗತ್ತೆ, ಕ್ರೇನ್ ತರ್ಸಿ ಲಾರಿ ಮೇಲೆ ಇಟ್ರೆ ಆಯ್ತು. ಮಧ್ಯದವ್ರು, ಅಂದ್ರೆ ಮಳೆಗಾಲ ಘಟ್ಟದ ಮೇಲೆ ತೋಟದಲ್ಲಿ, ಚಳಿಗಾಲ ಅಂಕೋಲಾ ಕಡೆ ಅನ್ನೋ ಥರದವ್ರು, ಅವ್ರಿಗೆ ಮುಂದಿನ ಮಾತು.

ಅಳತೆ ಮೊದ್ಲು. ನಮ್ಮ ಮೋಟಾರು ವಾಹನ ನಿಯಮದಲ್ಲಿ ಗಾಡಿ ಅಗಲ 2.6 ಮೀಟರ್ ದಾಟೋ ಹಾಗಿಲ್ಲ, ಟ್ರೇಲರ್ ಎತ್ತರ 4 ಮೀಟರ್ ದಾಟೋ ಹಾಗಿಲ್ಲ. ಅಮೆರಿಕದ ಪ್ಲಾನುಗಳೆಲ್ಲ ಎಂಟೂವರೆ ಅಡಿ ಅಗಲ, ಹದಿಮೂರೂವರೆ ಅಡಿ ಎತ್ತರದ ಲೆಕ್ಕದಲ್ಲಿರತ್ತೆ. ಅಗಲ ಸರಿಹೋಗತ್ತೆ, ಎತ್ತರ ನಮ್ಮಲ್ಲಿ ನಾಲ್ಕೈದು ಇಂಚು ಜಾಸ್ತಿ ಆಗತ್ತೆ. ಚಕ್ರ, ಚಾಸಿ ಎಲ್ಲಾ ಸೇರಿ ನೆಲದಿಂದ ಅಳೀಬೇಕು, ಬರೀ ಮನೆ ಎತ್ತರ ಅಲ್ಲ. ಇನ್ನೊಂದು, ಮಾಡಿನ ಇಳಿಜಾರು ಗೋಡೆಯಿಂದ ಹೊರಗೆ ಚಾಚಿದ್ರೆ ಅದೂ ಅಗಲಕ್ಕೇ ಸೇರತ್ತೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯೋ ಊರಲ್ಲಿ ಚಾಚು ಇಲ್ದೇ ಇದ್ರೆ ಗೋಡೆ ಗತಿ ಏನು ಅಂತ ನಿಮಗೇ ಗೊತ್ತು. ಹಾಗಾಗಿ ಬಿಚ್ಚಿ ಮಡಚೋ ಥರದ ಚಪ್ಪರ ಮಾಡಿಸ್ಕೊಳ್ಳಿ, ನಿಂತ ಜಾಗದಲ್ಲಿ ಮಳೆ ಹೊಡೆಯೋ ಬದಿಗೆ ಅಡಿಕೆ ಸೋಗೆ ತಟ್ಟಿ ಕಟ್ಟಿ. ಶಿರಸಿ ಕಡೆ ಹಳೇ ಮನೆಗಳಿಗೆ ಮಾಡೋ ಕೆಲ್ಸಾನೇ, ಇದಕ್ಕಿಂತ ಅಗ್ಗದ್ದು ಯಾವ್ದೂ ಇಲ್ಲ.

ಒಳಗೆ ಗೋಡೆ ದಪ್ಪ ಹೋಗಿ ಏಳೂಮುಕ್ಕಾಲು ಅಡಿ ಸಿಗತ್ತೆ ಅಂತ ಇಟ್ಕೊಳ್ಳಿ, ಉದ್ದ 20 ಅಡಿ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಕುರ್ಚಿ ಮೇಜು ಮಂಚ ತಂದಿಟ್ಟು ಓಡಾಡಿ ನೋಡಿ, ಹೆಂಡ್ತಿನೋ ಗಂಡನೋ ಒಲೆ ಮುಂದೆ ನಿಂತಾಗ ಹಿಂದಿಂದ ದಾಟೋಕಾಗತ್ತಾ ಅಂತ. ಅಡಿಕೆ ಒಣಗಿಸೋ ಟೈಮಲ್ಲಿ ಈ ಪ್ರಯೋಗ ಬೇಡ, ಬೈಸ್ಕೊಳ್ತೀರಿ.

ಈಗ ಭಾರ. ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದ್ರೆ ಚಾಸಿ, ಆಕ್ಸಲ್, ಎಳೆಯೋ ಗಾಡಿ, ಕಾಗದ ಪತ್ರ ಎಲ್ಲಾ ಇದ್ರ ಮೇಲೇ ನಿಂತಿರೋದು. 12 ಎಂಎಂ ಪ್ಲೈವುಡ್ ಒಂದು ಚದರ ಮೀಟರಿಗೆ ಎಂಟು ಕೆಜಿ ಹತ್ತಿರ. 20 ಅಡಿ ಮನೆಗೆ ಗೋಡೆ ಸುಮಾರು 40 ಚದರ ಮೀಟರ್, ಒಳಗೆ ಹೊರಗೆ ಎರಡೂ ಕಡೆ ಪ್ಲೈ ಹೊಡೆದ್ರೆ ಅದೇ ಆರುನೂರು ಕೆಜಿ ದಾಟ್ತು, ಇನ್ನೂ ಒಂದು ಕಿಟಕಿ ಕೂರಿಸಿಲ್ಲ. ಮಾಡಿಗೆ ಮಂಗಳೂರು ಹಂಚು ಹಾಕೋ ಆಸೆ ತುಂಬ ಜನಕ್ಕಿದೆ, ಚೆಂದಾನೂ ಹೌದು, ಆದ್ರೆ ಒಂದು ಹಂಚು ಎರಡು ಕೆಜಿ ಮೇಲೇ ಇರತ್ತೆ, ಅಷ್ಟು ಮಾಡಿಗೆ ಅರ್ಧ ಟನ್ನಿಗಿಂತ ಜಾಸ್ತಿ, ಘಟ್ಟದ ಕುಲುಕಾಟಕ್ಕೆ ಒಂದೂ ಜಾಗದಲ್ಲಿ ನಿಲ್ಲಲ್ಲ. ಅದೇ ಅರ್ಧ ಎಂಎಂ ಶೀಟ್ ಆದ್ರೆ ನೂರು ಕೆಜಿ ಒಳಗೆ ಮುಗೀತು. ಗೋಡೆಗೆ 50 ಎಂಎಂ ಪಫ್ ಪ್ಯಾನಲ್, ಅಂದ್ರೆ ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ, ಚದರ ಮೀಟರಿಗೆ ಹತ್ತು ಹನ್ನೊಂದು ಕೆಜಿ, ಒಳಗಿನ ಹೊರಗಿನ ಮೈ ಎರಡೂ ಅದ್ರಲ್ಲೇ ಬಂತು, ಸೆಕೆನೂ ತಡೆಯತ್ತೆ. ಬೆಂಕಿಗೆ ಮಾತ್ರ ಹುಷಾರು, ಒಲೆ ಹಿಂದೆ ಸ್ಟೀಲ್ ಶೀಟ್ ಹೊಡೀರಿ, ಗ್ಯಾಸ್ ಸಿಲಿಂಡರ್ ಹೊರಗಿನ ಗಾಳಿಯಾಡೋ ಪೆಟ್ಟಿಗೆಲೇ ಇರ್ಲಿ. ಸೆಕೆ ತಡೆಯೋಕೆ ಗೋಡೆ ಒಳಗೆ ತುಂಬೋ ಗ್ಲಾಸ್ ವೂಲ್ ನಮ್ಮ ಹವೆಗೆ ಆಗಿ ಬರಲ್ಲ, ಒಂದ್ಸಲ ತೇವ ಹಿಡಿದ್ರೆ ಒಳಗೇ ಬೂಷ್ಟು.

ನೀರು ಒಂದು ಲೀಟರಿಗೆ ಒಂದು ಕೆಜಿ, ಹಾಗಾಗಿ ಟ್ಯಾಂಕ್ ಖಾಲಿ ಮಾಡೇ ಹೊರಡ್ಬೇಕು. ಚಾಸಿ, ಫ್ರೇಮು, ಮಂಚ, ಪಾತ್ರೆ ಎಲ್ಲಾ ಸೇರಿಸಿ ಕೂಡಿದ್ರೆ 20 ಅಡಿ ಮನೆ ಮೂರೂವರೆಯಿಂದ ನಾಲ್ಕೂವರೆ ಟನ್ನಿಗೆ ಹೋಗಿ ಕೂರತ್ತೆ. ಅದು ಬೊಲೆರೊ ಎಳೆಯೋ ಮಾತಲ್ಲ. ಎರಡು ಆಕ್ಸಲ್ ಬೇಕು, ಟ್ರೇಲರಿಗೆ ಅದರದ್ದೇ ಬ್ರೇಕ್ ಬೇಕು, ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಇಳಿಯೋವಾಗ ನಾಲ್ಕು ಟನ್ ಹಿಂದಿನಿಂದ ನೂಕೋದನ್ನ ಮುಂದಿನ ಗಾಡಿ ಬ್ರೇಕ್ ಒಂದೇ ತಡೆಯಲ್ಲ. ಭಾರ ಹಂಚೋ ಲೆಕ್ಕ ಇಷ್ಟೇ, ಅರವತ್ತು ಪರ್ಸೆಂಟ್ ಆಕ್ಸಲ್ಲಿನ ಮುಂದೆ, ಕೊಂಡಿ ಮೇಲೆ ಬೀಳೋದು ಒಟ್ಟು ತೂಕದ ಹತ್ತರಿಂದ ಹದಿನೈದು ಪರ್ಸೆಂಟ್. ಅಡಿಗೆಮನೆ, ಬ್ಯಾಟರಿ, ಟ್ಯಾಂಕ್ ಎಲ್ಲಾ ಹಿಂದುಗಡೆಗೇ ಸೇರಿಸಿದ್ರೆ ಹೈವೇಲಿ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರುಮಾಡತ್ತೆ. ಅರ್ಧ ಕೆಲ್ಸ ಆದಾಗ ಒಂದ್ಸಲ, ಪೂರ್ತಿ ಆದ್ಮೇಲೆ ಒಂದ್ಸಲ ವೇಬ್ರಿಡ್ಜಿಗೆ ಹೋಗಿ ತೂಗ್ಸಿ, ಖರ್ಚೇನೂ ದೊಡ್ಡದಲ್ಲ.

ಕಾಗದ ಪತ್ರ. ಟ್ರೇಲರಿಗೂ ರಿಜಿಸ್ಟ್ರೇಷನ್ ಬೇಕು. ಸಿಕ್ಕ ಕಬ್ಬಿಣ ಸೇರಿಸಿ ಮನೆಲೇ ಚಾಸಿ ಮಾಡಿದ್ರೆ ಅಲ್ಲೇ ಸಿಕ್ಕಿಬೀಳ್ತೀರಿ, ಅಪ್ರೂವಲ್ ಇರೋ ತಯಾರಕರ ಚಾಸಿನೇ ತಗೊಳ್ಳಿ. ಹಳೇ ಲಾರಿ ಮೇಲೆ ಮನೆ ಕೂರಿಸೋದಾದ್ರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಮೊದ್ಲೇ ಪರ್ಮಿಷನ್ ತಗೋಬೇಕು. ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ ನಾಲ್ಕೂ ಕಡೆ ಆರ್‌ಟಿಓ ಆಫೀಸಿದೆ, ಒಂದು ಕೈಬರಹದ ಸ್ಕೆಚ್ ಹಿಡ್ಕೊಂಡು ಕಬ್ಬಿಣ ಖರೀದಿಗೆ ಮುಂಚೆನೇ ನಿಮ್ಮ ಆಫೀಸಿಗೆ ಹೋಗಿ ಮಾತಾಡಿ.

ಇನ್ನು ಜಾಗ, ಇಲ್ಲಿ ಜನ ಸುಲಭ ಅಂದ್ಕೊಂಡು ಬೀಳ್ತಾರೆ. ಚಕ್ರ ಇದೆ ಅಲ್ವಾ, ಎಲ್ಲಿ ಬೇಕಾದ್ರೂ ನಿಲ್ಲಿಸ್ಬಹುದು ಅಂತ. ಗೋಕರ್ಣ, ಮುರ್ಡೇಶ್ವರ ಕಡೆ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸೋ ಆಸೆ ಇದ್ರೆ, ಭರತದ ಗೆರೆಯಿಂದ 500 ಮೀಟರ್ ವರೆಗೆ ಸಿಆರ್‌ಜೆಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯ, ಇದೆ, ಅಘನಾಶಿನಿ, ಕಾಳಿ, ಶರಾವತಿ ಮುಖದ ಉಪ್ಪುನೀರು ಬರೋ ದಂಡೆಗೂ ಅನ್ವಯ ಆಗತ್ತೆ. ಘಟ್ಟದ ಮೇಲೆ ಸೊಪ್ಪಿನ ಬೆಟ್ಟ ನಮ್ದೇ ಅಂತ ಅನ್ಸತ್ತೆ, ಆದ್ರೆ ಅಲ್ಲಿರೋದು ಸೊಪ್ಪು ದರಕು ತರೋ ಹಕ್ಕು, ಅಲ್ಲಿ ಮನೆ ನಿಲ್ಲಿಸೋಕೆ ಹೋಗ್ಬೇಡಿ. ಮಾಲ್ಕಿ ಜಮೀನಾದ್ರೂ ಕಾಯಂ ವಾಸಕ್ಕೆ ಬಳಸಿದ್ರೆ ಎನ್ಎ, ಅಂದ್ರೆ ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ, ಪ್ರಶ್ನೆ ಬಂದೇ ಬರತ್ತೆ, ಚಕ್ರ ತೋರಿಸಿ ತಪ್ಪಿಸ್ಕೋತೀನಿ ಅನ್ನೋ ಧೈರ್ಯ ಬೇಡ, ಪಂಚಾಯ್ತಿಲಿ ಕೇಳಿ. ಕರೆಂಟಿಗೂ ಹೆಸ್ಕಾಂನವ್ರು ಜಾಗದ ಕಾಗದಾನೇ ಕೇಳೋದು.

ಗುಡ್ಡ ಕಡಿದು ಸಪಾಟು ಮಾಡಿದ ಜಾಗದ ಬುಡದಲ್ಲಂತೂ ನಿಲ್ಲಿಸ್ಲೇಬೇಡಿ. 2024ರ ಜುಲೈಲಿ ಅಂಕೋಲಾ ಹತ್ರದ ಶಿರೂರಲ್ಲಿ ಹೈವೇ ಪಕ್ಕ ಗುಡ್ಡ ಕುಸಿದು ಏನಾಯ್ತು ಅಂತ ಉತ್ತರ ಕನ್ನಡದವ್ರಿಗೆ ಮತ್ತೆ ಹೇಳ್ಬೇಕಾಗಿಲ್ಲ. ತೆಂಗಿನ ಮರದ ಕೆಳಗೂ ಬೇಡ, ಶೀಟಿನ ಮಾಡು. ಚಿರೇಕಲ್ಲಿನ ಗಟ್ಟಿ ಪಾಯ ಮಾಡಿ, ಜಾಕ್ ಕೊಟ್ಟು ಭಾರ ಟೈರಿಂದ ಇಳಿಸಿ, ನಾಲ್ಕೂ ಮೂಲೆಗೆ ಕಾಂಕ್ರೀಟಿನಲ್ಲಿ ಹುಗಿದ ಕೊಂಡಿಗೆ ಚೈನ್ ಬಿಗೀರಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಥರದ ಗಾಳಿಗೆ ಹಗುರ ಮನೆ ಹಾಯಿ ಇದ್ದ ಹಾಗೆ. ಟೈರ್ ಬಿಸಿಲಿಗೆ ಬಿರುಕು ಬಿಡದ ಹಾಗೆ ಮುಚ್ಚಿಡಿ. ಅದ್ರ ಮೈ ಮೇಲಿನ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ ಹೇಳತ್ತೆ, ಟೈರಿನ ಗ್ರಿಪ್ ಎಷ್ಟೇ ಆಳ ಇರ್ಲಿ, ಐದಾರು ವರ್ಷ ಆದ ಟೈರಲ್ಲಿ ಘಟ್ಟ ಇಳೀಬೇಡಿ.

ಕೆಲಸಗಾರರ ವಿಷ್ಯ. ಇಂಟೀರಿಯರ್ ಡಿಸೈನರ್ ಕರೆಯೋ ಮುಂಚೆ ತದಡಿ, ಹೊನ್ನಾವರ ಅಥವಾ ಕಾರವಾರ ಬಂದರಿನ ಬೋಟ್ ಕಟ್ಟೋರನ್ನ ಮಾತಾಡ್ಸಿ. ಬೋಟಿನ ಕ್ಯಾಬಿನ್ ಒಳಗೆ ಹೋಗಿ ನೋಡಿ, ಮಲಗೋ ಹಲಗೆ, ಒಲೆ, ಸಾಮಾನಿಡೋ ಗೂಡು ಎಲ್ಲಾ ಅಷ್ಟೇ ಜಾಗದಲ್ಲಿ, ಅದೂ ದಿನಾ ಕುಲುಕಾಡ್ತಾ. ಯಾವ ಸ್ಕ್ರೂ ಉಪ್ಪಿನ ಗಾಳಿಗೆ ತುಕ್ಕು ಹಿಡಿಯತ್ತೆ, ಮರೈನ್ ಪ್ಲೈ ಅಂಚಿಗೆ ಏನು ಹಚ್ಚಬೇಕು, ಫೈಬರ್ ಹೆಂಗೆ ಹೊಡೀಬೇಕು ಅನ್ನೋದು ಅವ್ರಿಗೆ ಗೊತ್ತಿರೋ ಅಷ್ಟು ಮನೆ ಕಟ್ಟೋರಿಗೆ ಗೊತ್ತಿಲ್ಲ. ಕರಾವಳಿಲಿ ನಿಲ್ಲಿಸೋದಾದ್ರೆ ಹೊರಗಿನ ಸ್ಕ್ರೂ, ಹಿಂಜಸ್ ಎಲ್ಲಾ 316 ಗ್ರೇಡ್ ಸ್ಟೇನ್‌ಲೆಸ್ ಇರ್ಲಿ, 304 ಅಗ್ಗ ಆದ್ರೆ ಸಮುದ್ರದ ಹತ್ರ ಚುಕ್ಕಿ ಚುಕ್ಕಿ ತುಕ್ಕು ಕಾಣ್ಸತ್ತೆ. ಚಾಸಿಗೆ ಬರೀ ರೆಡ್ ಆಕ್ಸೈಡ್ ಸಾಕಾಗಲ್ಲ, ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡ್ಸಿ.

ಅಟ್ಟದಲ್ಲಿ ಮಲಗೋದು ಬೇಡ. ಏಪ್ರಿಲ್ ಮೇಲಿ ಶೀಟಿನ ಕೆಳಗೆ ಎರಡು ಅಡಿ ಅಂತರದಲ್ಲಿ ಮಲಗಿ ನೋಡಿದ್ರೆ ಕಾರಣ ತಿಳಿಯತ್ತೆ. ಅಟ್ಟ ಸಾಮಾನಿಗೆ ಇರ್ಲಿ, ಮಂಚ ಕೆಳಗೆ, ಎದುರುಬದುರು ಕಿಟಕಿ. ಪಾಯಖಾನೆ ಬಚ್ಚಲು ಒಳಗೇ ಬೇಕು ಅಂತ ಹಠ ಇಲ್ದೇ ಇದ್ರೆ, ಪಾಯದ ಪಕ್ಕ ಎರಡು ಗುಂಡಿಯ ಪಾಯಖಾನೆ ಬೇರೆ ಕಟ್ಟಿದ್ರೆ ಭಾರಾನೂ ವಾಸನೆನೂ ಎರಡೂ ಹೊರಗೆ. ಸೋಲಾರ್ ನಂಬಿ ಫ್ರಿಜ್ ತಗೊಂಡ್ರೆ ಜೂನಿಂದ ಸೆಪ್ಟೆಂಬರ್ ಕಷ್ಟ. 12 ವೋಲ್ಟ್ 200 ಎಎಚ್ ಬ್ಯಾಟರಿಲಿ ಇರೋದೇ ಸುಮಾರು 2.4 ಯೂನಿಟ್, ಲೈಟು ಫ್ಯಾನು ಫೋನಿಗೆ ಸಾಕು, ಉಳಿದದ್ದಕ್ಕೆ ಒಂದು ಪ್ಲಗ್ ಲೈನ್ ಇಟ್ಕೊಳ್ಳಿ. ಒಂದು ಲಾಭ ಹೇಳ್ಲೇಬೇಕು, ನೆಲದಿಂದ ಎರಡಡಿ ಮೇಲಿರೋದ್ರಿಂದ ವರಲೆ ಕಾಟ ಕಮ್ಮಿ, ಉಂಬಳನೂ ಒಳಗೆ ಬರೋಕೆ ಸ್ವಲ್ಪ ಕಷ್ಟಪಡತ್ತೆ.

ಕೆಲಸ ದೀಪಾವಳಿ ಮುಗಿದ್ಮೇಲೆ ಶುರುಮಾಡಿದ್ರೆ ಬೇಸಿಗೆ ಪೂರ್ತಿ ಕೈಲಿರತ್ತೆ. ಒಳಗಿನ ಲೈನಿಂಗ್, ವೈರಿಂಗ್ ಮುಚ್ಚೋ ಮುಂಚೆ ತೋಟದ ಪಂಪ್ ಪೈಪ್ ಹಿಡ್ಕೊಂಡು ಮಾಡಿನ ಜಾಯಿಂಟಿಗೆ, ಕಿಟಕಿ ಚೌಕಟ್ಟಿಗೆ ಅಡ್ಡಡ್ಡ ನೀರು ಹೊಡೀರಿ, ನಮ್ಮ ಮಳೆ ಮೇಲಿಂದ ಅಷ್ಟೇ ಬರಲ್ಲ, ಗಾಳಿ ಜೊತೆ ಪಕ್ಕದಿಂದ ಬರತ್ತೆ. ಒಬ್ರು ಹೊರಗೆ ಪೈಪ್ ಹಿಡೀಲಿ, ಒಬ್ರು ಒಳಗೆ ಟಾರ್ಚ್ ಹಿಡ್ಕೊಂಡು ಸೋರೋ ಜಾಗಕ್ಕೆಲ್ಲ ಚಾಕ್‌ಪೀಸಲ್ಲಿ ಗುರುತು ಹಾಕ್ಲಿ, ಸೀಲ್ ಮಾಡಿ ಮತ್ತೊಂದ್ಸಲ ನೀರು ಹೊಡೆದು ನೋಡಿದ್ಮೇಲೇ ಪ್ಯಾನಲ್ ಮುಚ್ಚಿ.