ಸರ್ವರ್ ಎದ್ದಿದೆ, ಪುಟ ಯಾಕೆ ಬರುತ್ತಿಲ್ಲ?

ಕೊನೆಯ ವರ್ಷದ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂತೆಂದರೆ ಮೈಸೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಬ್ರೌಸರಿಗೆ ಪುಟ ಕಳಿಸುವ ಅಪಾಚೆ ವೆಬ್ ಸರ್ವರ್ ಇನ್‌ಸ್ಟಾಲ್ ಮಾಡುವುದು, ಪುಟ ಬರಲಿಲ್ಲವೆಂದು ಕಿತ್ತುಹಾಕುವುದು, ಮತ್ತೆ ಇನ್‌ಸ್ಟಾಲ್ ಮಾಡುವುದು. ಕೆಟ್ಟಿರುವುದು ಪಿಎಚ್‌ಪಿ ಭಾಷೆಯ ಸ್ಕ್ರಿಪ್ಟು ಓಡಿಸಲು ಅಪಾಚೆಗೆ ಜೋಡಿಸುವ ಪಿಎಚ್‌ಪಿ ಮಾಡ್ಯೂಲು, ಏಟು ತಿನ್ನುವುದು ಅಪಾಚೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ. ಹೀಗೆ ಕಿತ್ತು ಹಾಕುವುದರಿಂದ ಲಾಭವೂ ಇಲ್ಲ. ಉಬುಂಟು ಲಿನಕ್ಸ್‌ನಲ್ಲಿ 'ಆಪ್ಟ್ ರಿಮೂವ್' ಕೊಟ್ಟರೆ ಪ್ರೋಗ್ರಾಂ ಮಾತ್ರ ಹೋಗುತ್ತದೆ, ಇಟಿಸಿ ಫೋಲ್ಡರಿನಲ್ಲಿರುವ ಕಾನ್ಫಿಗರೇಶನ್ ಫೈಲುಗಳು ಹಾಗೇ ಉಳಿಯುತ್ತವೆ. ಹೊಸದಾಗಿ ಹಾಕಿದ ಅಪಾಚೆ ಅದೇ ತಪ್ಪು ಸಾಲನ್ನು ಓದಿ ಅದೇ ಕಡೆ ಮುಗ್ಗರಿಸುತ್ತದೆ. ಅವನ್ನೂ ತೆಗೆಯಬೇಕಾದರೆ 'ಪರ್ಜ್' ಎನ್ನಬೇಕು. ಆದರೆ ನೂರರಲ್ಲಿ ತೊಂಬತ್ತು ಸಲ ಅಲ್ಲಿಯವರೆಗೆ ಹೋಗುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ತೊಡಕು ಹಳೆಯ ಪಾಠಗಳದ್ದು. ಅಪಾಚೆಯೂ ಪಿಎಚ್‌ಪಿಯೂ ಲೋಕಕ್ಕೆ ಬಂದದ್ದು 1995ರಲ್ಲಿ. ಅಷ್ಟು ವರ್ಷದ ಸಲಹೆಗಳೆಲ್ಲ ಇಂಟರ್ನೆಟ್‌ನಲ್ಲಿ ರಾಶಿ ಬಿದ್ದಿವೆ. ಪಿಎಚ್‌ಪಿ 5ರ ಕಾಲದಲ್ಲಿ ಬರೆದ ಸಾಲನ್ನು ಪಿಎಚ್‌ಪಿ 8ಕ್ಕೆ ಅಂಟಿಸಿದರೆ ಸರ್ವರ್ ಏಳುವುದೇ ಇಲ್ಲ. ಹಾಗಾಗಿ ಉತ್ತರ ಹುಡುಕುವ ಮುಂಚೆ ನಿಮ್ಮಲ್ಲಿರುವ ಆವೃತ್ತಿ ಯಾವುದೆಂದು ಗೊತ್ತಿರಲಿ. ಉಬುಂಟು 22.04ರಲ್ಲಿ ಬರುವುದು ಪಿಎಚ್‌ಪಿ 8.1, 24.04ರಲ್ಲಿ 8.3.

ಕೆಳಗೆ ಹೇಳಿರುವುದನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಸರಿಯಾಗದೆ ಮುಂದಿನದಕ್ಕೆ ಕೈಹಾಕಬೇಡಿ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಮೊದಲು: ಸರ್ವರ್ ನಿಜವಾಗಿಯೂ ಎದ್ದಿದೆಯೇ?

'ಸುಡೊ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಅಪಾಚೆ2' ಎಂದು ಕೊಡಿ. 'ಆಕ್ಟಿವ್, ರನ್ನಿಂಗ್' ಎಂದಿದ್ದರೆ ಸರಿ. 'ಫೇಲ್ಡ್' ಎಂದಿದ್ದರೆ ಮರುಕ್ಷಣ ಕೊಡಬೇಕಾದದ್ದು 'ಸುಡೊ ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್'. ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ಎಡವಟ್ಟಾಗಿದೆ ಎಂದು ಅದು ನೇರವಾಗಿ ಹೇಳುತ್ತದೆ. ಈ ಒಂದು ಕಮಾಂಡ್ ಗೊತ್ತಿದ್ದರೆ ಅರ್ಧ ಫೋನ್ ಕರೆಗಳು ಉಳಿಯುತ್ತವೆ. ಎಲ್ಲ ಸರಿಯಿದ್ದರೆ 'ಸಿಂಟ್ಯಾಕ್ಸ್ ಓಕೆ' ಎನ್ನುತ್ತದೆ. ಜೊತೆಗೆ ಎಎಚ್00558 ಎಂಬ ಸಂಖ್ಯೆಯೊಡನೆ ಸರ್ವರಿನ ಪೂರ್ತಿ ಹೆಸರು ಗೊತ್ತಾಗಲಿಲ್ಲ ಎಂಬ ಸಾಲು ಬಂದರೆ ಹೆದರಬೇಡಿ. ಅದು ಬರೀ ಎಚ್ಚರಿಕೆ. ಅಪಾಚೆ2 ಕಾನ್ಫ್ ಫೈಲಿನಲ್ಲಿ 'ಸರ್ವರ್‌ನೇಮ್ ಲೋಕಲ್‌ಹೋಸ್ಟ್' ಎಂದು ಸೇರಿಸಿದರೆ ಸುಮ್ಮನಾಗುತ್ತದೆ.

ಬಾಗಿಲು ಬೇರೆಯವರ ವಶದಲ್ಲಿದ್ದರೆ

ಸಿಂಟ್ಯಾಕ್ಸ್ ಸರಿ, ಆದರೂ ಸರ್ವರ್ ಏಳದು. ಲಾಗ್‌ನಲ್ಲಿ 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಎಂದಿದೆ. ಅಂದರೆ ವೆಬ್ ಕೋರಿಕೆಗಳು ಬರುವ ಬಾಗಿಲಾದ 80ನೇ ಪೋರ್ಟನ್ನು ಆಗಲೇ ಇನ್ಯಾವುದೋ ಪ್ರೋಗ್ರಾಂ ಹಿಡಿದು ಕೂತಿದೆ. 'ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ' ಕೊಟ್ಟರೆ ಯಾರು ಎಂದು ಹೆಸರು ಸಮೇತ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದು ಹಿಂದೊಮ್ಮೆ ಯಾವುದೋ ವಿಡಿಯೊ ನೋಡಿ ಹಾಕಿಕೊಂಡ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್. ವಿಂಡೋಸ್‌ನಲ್ಲಿ ಅಪಾಚೆ, ಪಿಎಚ್‌ಪಿ ಒಟ್ಟಿಗೇ ಬರುವ ಕ್ಸಾಂಪ್ ಬಳಸುವವರು 'ನೆಟ್‌ಸ್ಟಾಟ್ -ಎಎನ್ಒ' ಕೊಟ್ಟು, 80ನೇ ಪೋರ್ಟಿನ ಸಾಲಿನಲ್ಲಿ ಕೊನೆಯ ಕಾಲಮ್ಮಿನ ಪಿಐಡಿಯನ್ನು, ಅಂದರೆ ಪ್ರಕ್ರಿಯೆಯ ಸಂಖ್ಯೆಯನ್ನು, ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಬೇಕು. ಅಲ್ಲಿ 4 ಎಂದಿದ್ದರೆ ಅದು ವಿಂಡೋಸಿನದೇ ಸಿಸ್ಟಮ್ ಪ್ರಕ್ರಿಯೆ. ಹೆಚ್ಚಿನ ಪಾಲು 'ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್' ಚಾಲೂ ಇರುತ್ತದೆ, ಸರ್ವಿಸಸ್ ಪಟ್ಟಿಗೆ ಹೋಗಿ ನಿಲ್ಲಿಸಿ. ನಿಲ್ಲಿಸುವಂತಿಲ್ಲ ಎಂದಾದರೆ ಅಪಾಚೆಯ ಕಾನ್ಫಿಗರೇಶನ್‌ನಲ್ಲಿ 'ಲಿಸನ್ 80' ಇರುವ ಕಡೆ 8080 ಮಾಡಿ, ಬ್ರೌಸರಿನಲ್ಲೂ ಲೋಕಲ್‌ಹೋಸ್ಟ್ ಆದಮೇಲೆ ಕೋಲನ್ ಹಾಕಿ 8080 ಬರೆಯಿರಿ.

ಬರೀ ಎಚ್‌ಟಿಎಂಎಲ್ ಬರಲಿ ನೋಡೋಣ

ಈಗ ಪಿಎಚ್‌ಪಿಯನ್ನು ಮರೆತುಬಿಡಿ. ಒಂದೇ ಸಾಲಿನ ಎಚ್‌ಟಿಎಂಎಲ್ ಫೈಲ್ ಮಾಡಿ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್ ಫೋಲ್ಡರಿನಲ್ಲಿಟ್ಟು ತೆರೆಯಿರಿ. ಸರ್ವರ್ ಇರುವ ಕಂಪ್ಯೂಟರಿನಲ್ಲಿ ಬಂದು, ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿ ಬರದಿದ್ದರೆ ತೊಂದರೆ ಫೈರ್‌ವಾಲ್‌ನದ್ದು ಅಥವಾ ವೈಫೈನದ್ದು. ಅದಕ್ಕೆ ಅಪಾಚೆಯ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

403, ಅಂದರೆ 'ಫರ್ಬಿಡನ್' ಬಂದಾಗ ಮಾತ್ರ ಸ್ವಲ್ಪ ನಿಧಾನಿಸಿ. ಎರಡು ಬೇರೆ ಬೇರೆ ಕಾರಣಗಳಿಗೆ ಇದೇ ಒಂದು ಪುಟ ಬರುತ್ತದೆ. ವ್ಯತ್ಯಾಸ ತಿಳಿಯುವುದು /ವಾರ್/ಲಾಗ್/ಅಪಾಚೆ2 ಒಳಗಿನ ಎರರ್ ಲಾಗ್‌ನಲ್ಲಿ. 'ಕ್ಲೈಂಟ್ ಡಿನೈಡ್ ಬೈ ಸರ್ವರ್ ಕಾನ್ಫಿಗರೇಶನ್' ಎಂದಿದ್ದರೆ ಆ ಫೋಲ್ಡರಿಗೆ 'ರಿಕ್ವೈರ್ ಆಲ್ ಗ್ರಾಂಟೆಡ್' ಕೊಟ್ಟಿಲ್ಲ ಎಂದರ್ಥ. 'ಸರ್ಚ್ ಪರ್ಮಿಶನ್ಸ್ ಆರ್ ಮಿಸ್ಸಿಂಗ್' ಎಂದಿದ್ದರೆ ಅಪಾಚೆ ಅನುಮತಿ ಕೊಟ್ಟಿದೆ, ಲಿನಕ್ಸ್ ಕೊಟ್ಟಿಲ್ಲ. ಉಬುಂಟು 21.04ರಿಂದ ಈಚೆಗೆ ಹೊಸ ಬಳಕೆದಾರರ ಹೋಮ್ ಫೋಲ್ಡರಿನ ಅನುಮತಿ 750. ಅಪಾಚೆ ಓಡುವುದು 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ, ಅವನಿಗೆ ನಿಮ್ಮ ಹೋಮ್‌ನ ಹೊಸ್ತಿಲು ದಾಟುವ ಹಕ್ಕಿಲ್ಲ. ಡೆಸ್ಕ್‌ಟಾಪ್ ಮೇಲೆ ಪ್ರಾಜೆಕ್ಟ್ ಇಟ್ಟುಕೊಂಡು ಅಪಾಚೆಗೆ ದಾರಿ ತೋರಿಸಿದವರೆಲ್ಲ ಇಲ್ಲೇ ಸಿಕ್ಕಿಬೀಳುತ್ತಾರೆ. 'ನೇಮ್‌ಐ -ಎಲ್' ಎಂದು ಬರೆದು ಮುಂದೆ ಫೈಲಿನ ಪೂರ್ತಿ ದಾರಿ ಕೊಟ್ಟರೆ ಯಾವ ಮೆಟ್ಟಿಲಲ್ಲಿ ತಡೆಯಿದೆ ಎಂದು ಕಾಣುತ್ತದೆ. ಪ್ರಾಜೆಕ್ಟನ್ನೇ ವಾರ್ ಫೋಲ್ಡರಿಗೆ ಸಾಗಿಸುವುದು ಸರಿಯಾದ ದಾರಿ. 'ಸಿಎಚ್‌ಮಾಡ್ 777' ಹೊಡೆದು ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ.

ಈಗ ಮಾಡ್ಯೂಲ್

ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕದ ಪುಟಗಳನ್ನು ಪಿಎಚ್‌ಪಿಯಲ್ಲಿ ಬರೆದುಕೊಂಡ ಹುಡುಗನೊಬ್ಬ ಫೋನಿನಲ್ಲಿ ಹೇಳಿದ್ದು ಹೀಗೆ: "ಅಣ್ಣ, ಪಿಎಚ್‌ಪಿ ಹಾಕಿವ್ನಿ, ವರ್ಸನ್ನೂ ತೋರುಸ್ತದೆ. ಪೇಜ್ ಓಪನ್ ಮಾಡುದ್ರೆ ಮಾತ್ರ ಫೈಲೇ ಡೌನ್‌ಲೋಡ್ ಆಯ್ತದೆ ಕಣಣ್ಣ." ಮಾಡ್ಯೂಲ್ ತಕರಾರುಗಳಲ್ಲಿ ಇದೇ ತೀರಾ ಮಾಮೂಲಿ. ಟರ್ಮಿನಲ್‌ನಲ್ಲಿ 'ಪಿಎಚ್‌ಪಿ -ವಿ' ಉತ್ತರ ಕೊಟ್ಟರೆ ಅಪಾಚೆಗೂ ಪಿಎಚ್‌ಪಿ ಬಂದಿದೆ ಎಂದೇನಲ್ಲ. ಟರ್ಮಿನಲ್ಲಿನದು 'ಪಿಎಚ್‌ಪಿ-ಸಿಎಲ್‌ಐ' ಎಂಬ ಬೇರೆ ಪ್ಯಾಕೇಜು. ಅಪಾಚೆಯ ಪ್ರಕ್ರಿಯೆಯ ಒಳಗೇ ಕೂತು ಸ್ಕ್ರಿಪ್ಟ್ ಓಡಿಸುವುದು 'ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ'. ಎರಡಕ್ಕೂ ಸೆಟ್ಟಿಂಗ್‌ಗಳಿರುವ ಪಿಎಚ್‌ಪಿ ಐಎನ್‌ಐ ಫೈಲ್ ಕೂಡ ಬೇರೆಬೇರೆ, ಒಂದು ಸಿಎಲ್‌ಐ ಫೋಲ್ಡರಿನಲ್ಲಿ, ಇನ್ನೊಂದು ಅಪಾಚೆ2 ಫೋಲ್ಡರಿನಲ್ಲಿ.

'ಅಪಾಚೆ2ಸಿಟಿಎಲ್ -ಎಂ' ಎಂದು ಕೊಟ್ಟು ಪಟ್ಟಿಯಲ್ಲಿ 'ಪಿಎಚ್‌ಪಿ ಮಾಡ್ಯೂಲ್' ಇದೆಯೇ ನೋಡಿ. ಇಲ್ಲದಿದ್ದರೆ ಆ ಪ್ಯಾಕೇಜ್ ಹಾಕಿ, 'ಸುಡೊ ಎ2ಎನ್‌ಮಾಡ್ ಪಿಎಚ್‌ಪಿ8.3' (22.04ರಲ್ಲಾದರೆ 8.1) ಕೊಟ್ಟು ಅಪಾಚೆಯನ್ನು ರೀಸ್ಟಾರ್ಟ್ ಮಾಡಿ. ಆಮೇಲೂ ಡೌನ್‌ಲೋಡ್ ಆಗುತ್ತಿದ್ದರೆ ಬ್ರೌಸರ್ ಹಳೆಯದನ್ನು ನೆನಪಿಟ್ಟುಕೊಂಡಿರಬಹುದು, ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ಅಡ್ರೆಸ್ ಬಾರ್ 'ಫೈಲ್' ಎಂದು ಶುರುವಾಗುತ್ತಿದ್ದರೆ ನೀವು ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದ್ದೀರಿ, ಸರ್ವರಿನ ಹತ್ತಿರ ಹೋಗಿಯೇ ಇಲ್ಲ. ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಶನ್ ಅಡಗಿಸಿಟ್ಟಿರುವುದರಿಂದ ಇಂಡೆಕ್ಸ್ ಡಾಟ್ ಪಿಎಚ್‌ಪಿ ಎಂದು ಕಾಣುವ ಫೈಲು ಅಸಲಿಗೆ ಡಾಟ್ ಟಿಎಕ್ಸ್‌ಟಿ ಆಗಿರುವುದೂ ಉಂಟು. ಉಬುಂಟುವಿನ ಸ್ವಾಗತದ ಪುಟವೇ ಮತ್ತೆ ಮತ್ತೆ ಬರುತ್ತಿದ್ದರೆ, ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಲ್ಲೇ ಇದೆ. 'ಡೈರೆಕ್ಟರಿಇಂಡೆಕ್ಸ್' ಸಾಲಿನಲ್ಲಿ ಅದಕ್ಕೆ ಪಿಎಚ್‌ಪಿಗಿಂತ ಮೊದಲ ಸ್ಥಾನ.

ಎಂಪಿಎಂ ಜಗಳ

'ಅಪಾಚೆ ಈಸ್ ರನ್ನಿಂಗ್ ಎ ಥ್ರೆಡೆಡ್ ಎಂಪಿಎಂ' ಎಂದು ಶುರುವಾಗಿ, ಪಿಎಚ್‌ಪಿಯನ್ನು ರೀಕಂಪೈಲ್ ಮಾಡಿ ಎಂದು ಮುಗಿಯುವ ಸಂದೇಶ ನೋಡಿ ಹುಡುಗರು ಕಂಗಾಲಾಗುತ್ತಾರೆ. ರೀಕಂಪೈಲ್ ಏನೂ ಬೇಡ. ಬಂದ ಕೋರಿಕೆಗಳನ್ನು ಅಪಾಚೆ ಹೇಗೆ ಹಂಚಿಕೊಂಡು ಓಡಿಸುತ್ತದೆ ಎಂಬುದನ್ನು ನಿರ್ಧರಿಸುವುದು ಎಂಪಿಎಂ. 'ಇವೆಂಟ್' ಎಂಬ ಬಗೆಯಲ್ಲಿ ಒಂದೇ ಪ್ರಕ್ರಿಯೆಯೊಳಗೆ ಹಲವು ಥ್ರೆಡ್‌ಗಳು, ಅಂದರೆ ಒಟ್ಟೊಟ್ಟಿಗೆ ಸಾಗುವ ಕೆಲಸದ ಎಳೆಗಳು. 'ಪ್ರೀಫೋರ್ಕ್' ಬಗೆಯಲ್ಲಿ ಒಂದೊಂದು ಕೋರಿಕೆಗೂ ಒಂದೊಂದು ಪ್ರತ್ಯೇಕ ಪ್ರಕ್ರಿಯೆ. ಉಬುಂಟು ಕೊಡುವ ಪಿಎಚ್‌ಪಿ ಮಾಡ್ಯೂಲ್ ಥ್ರೆಡ್‌ಗಳ ನಡುವೆ ಬದುಕುವಂತೆ ಕಟ್ಟಿದ್ದಲ್ಲ. 'ಎ2ಡಿಸ್‌ಮಾಡ್ ಎಂಪಿಎಂ_ಇವೆಂಟ್', ಆಮೇಲೆ 'ಎ2ಎನ್‌ಮಾಡ್ ಎಂಪಿಎಂ_ಪ್ರೀಫೋರ್ಕ್', ರೀಸ್ಟಾರ್ಟ್. ಮುಗಿಯಿತು.

ಇದರಿಂದ ಮೆಮೊರಿ ಜಾಸ್ತಿ ಬೇಕಾಗುತ್ತದೆ ಎನ್ನುವವರಿದ್ದಾರೆ, ಅದು ನಿಜವೂ ಹೌದು. ದೊಡ್ಡ ಜಾಲತಾಣಕ್ಕೆ ಪಿಎಚ್‌ಪಿಯನ್ನು ಎಫ್‌ಪಿಎಂ ಎಂಬ ಬೇರೆ ಸೇವೆಯಾಗಿ ಓಡಿಸುವುದೇ ಒಳ್ಳೆಯದು. ಎಂಜಿನ್‌ಎಕ್ಸ್ ಬಳಸುವವರಿಗಂತೂ ಬೇರೆ ದಾರಿಯೇ ಇಲ್ಲ, ಪಿಎಚ್‌ಪಿಯನ್ನು ಅದು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅಲ್ಲಿ 502 ಬಂದರೆ ಎಫ್‌ಪಿಎಂ ನಿಂತಿದೆ ಅಥವಾ ಅದರೊಡನೆ ಮಾತಾಡಲು ಕೊಟ್ಟ ಸಾಕೆಟ್ ಫೈಲಿನ ಹೆಸರು ತಪ್ಪಿದೆ. ಆದರೆ ಮಂಡಿಯ ಲೆಕ್ಕಕ್ಕೆ, ಕಾಲೇಜಿನ ಲ್ಯಾಬಿಗೆ ಒಳಗಿನ ಮಾಡ್ಯೂಲೇ ಸಾಕು. ಕೆಟ್ಟರೆ ನೋಡಬೇಕಾದ ಜಾಗ ಒಂದೇ.

ಉಬುಂಟುವನ್ನು 22.04ರಿಂದ 24.04ಕ್ಕೆ ಏರಿಸಿದ ಮೇಲೆ ಅಪಾಚೆ ಸತ್ತುಬಿದ್ದಿದ್ದರೆ, ಅದು ಇನ್ನೂ ಪಿಎಚ್‌ಪಿ 8.1ರ ಮಾಡ್ಯೂಲನ್ನು ಹುಡುಕುತ್ತಿರುತ್ತದೆ. ಹಳೆಯದನ್ನು ಎ2ಡಿಸ್‌ಮಾಡ್ ಮಾಡಿ, ಹೊಸದನ್ನು ಎ2ಎನ್‌ಮಾಡ್ ಮಾಡಿ.

ವಿಂಡೋಸ್‌ನಲ್ಲಿ ಕ್ಸಾಂಪ್ ಬೇಡವೆಂದು ಕೈಯಾರೆ ಜೋಡಿಸುವವರು ಪಿಎಚ್‌ಪಿಯ 'ಥ್ರೆಡ್ ಸೇಫ್' ಜಿಪ್ಪನ್ನೇ ಇಳಿಸಿಕೊಳ್ಳಬೇಕು. ಇನ್ನೊಂದರಲ್ಲಿ ಅಪಾಚೆಗೆ ಬೇಕಾದ ಡಿಎಲ್‌ಎಲ್ ಎಂಬ ಲೈಬ್ರರಿ ಫೈಲು ಇರುವುದೇ ಇಲ್ಲ. ಅಪಾಚೆ 64 ಬಿಟ್ ಆದರೆ ಪಿಎಚ್‌ಪಿಯೂ 64 ಬಿಟ್ ಆಗಿರಬೇಕು. ಡಿಎಲ್‌ಎಲ್ ಕಣ್ಣೆದುರೇ ಇದ್ದರೂ 'ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್' ಎನ್ನುತ್ತಿದ್ದರೆ ಸಾಮಾನ್ಯವಾಗಿ ಕಾಣೆಯಾಗಿರುವುದು ಅದು ನೆಚ್ಚಿಕೊಂಡ ಇನ್ನೊಂದು ಡಿಎಲ್‌ಎಲ್. ಮೈಕ್ರೊಸಾಫ್ಟಿನ ವಿಷುವಲ್ ಸಿ++ ರನ್‌ಟೈಮ್ ಹಾಕಿ ನೋಡಿ. ಇನ್ನು 'ಲೋಡ್‌ಮಾಡ್ಯೂಲ್' ಸಾಲಿನಲ್ಲಿ ಪಿಎಚ್‌ಪಿ 7ರಲ್ಲಿ 'ಪಿಎಚ್‌ಪಿ7_ಮಾಡ್ಯೂಲ್' ಎಂದು ಬರೆಯುತ್ತಿದ್ದೆವು, 8ರಿಂದ ಅದು ಬರೀ 'ಪಿಎಚ್‌ಪಿ_ಮಾಡ್ಯೂಲ್'. ಹಳೆಯ ಪಾಠಗಳು ಕಾಲಿಗೆ ತೊಡರುವುದು ಇಂಥಲ್ಲೇ.

ಪಿಎಚ್‌ಪಿಯಲ್ಲದೆ ಬೇರೆಯವೂ ಇವೆ. ಪೈಥಾನ್ ಪ್ರೋಗ್ರಾಂ ಓಡಿಸುವ ಮಾಡ್_ಡಬ್ಲ್ಯುಎಸ್‌ಜಿಐ ಯಾವ ಪೈಥಾನ್ ಆವೃತ್ತಿಗೆ ಕಟ್ಟಲಾಗಿದೆಯೋ ಅದರ ಜೊತೆಗಷ್ಟೇ ಬಾಳುತ್ತದೆ. 'ಎನ್‌ಕೋಡಿಂಗ್ಸ್' ಸಿಗಲಿಲ್ಲ ಎಂಬ ದೋಷ ಬಂದರೆ ವರ್ಚುವಲ್ ಎನ್ವಿರಾನ್‌ಮೆಂಟಿನ ದಾರಿ, ಆವೃತ್ತಿ ಮತ್ತು ಅನುಮತಿ ಮೂರನ್ನೂ ನೋಡಿ. ಹಳೆಯ ಪರ್ಲ್ ಸ್ಕ್ರಿಪ್ಟುಗಳು ಸಿಜಿಐ ಡಾಟ್ ಪಿಎಂ ಸಿಗಲಿಲ್ಲವೆಂದು ನಿಂತರೆ, 2015ರಲ್ಲಿ ಬಂದ 5.22ನೇ ಆವೃತ್ತಿಯಿಂದ ಅದು ಪರ್ಲ್ ಜೊತೆ ಬರುವುದಿಲ್ಲ. ಬೇರೆಯಾಗಿ ಹಾಕಿಕೊಳ್ಳಬೇಕು.

ಬಿಳಿ ಪುಟದ ಹಿಂದೇನಿದೆ?

ಮಾಡ್ಯೂಲ್ ಇದೆ, ಪುಟ ಮಾತ್ರ ಖಾಲಿ. ದೋಷವನ್ನು ಪರದೆಗೆ ತೋರಿಸಬೇಡ ಎಂದು ಐಎನ್‌ಐ ಫೈಲಿನಲ್ಲಿ ಹೇಳಿರುವುದರಿಂದ ಹೀಗಾಗುತ್ತದೆ. ಒಂದು ಟರ್ಮಿನಲ್‌ನಲ್ಲಿ 'ಸುಡೊ ಟೇಲ್ -ಎಫ್' ಎಂದು ಎರರ್ ಲಾಗ್ ತೆರೆದಿಟ್ಟು ಬ್ರೌಸರಿನಲ್ಲಿ ರಿಫ್ರೆಶ್ ಮಾಡಿ. 'ಕಾಲ್ ಟು ಅನ್‌ಡಿಫೈನ್ಡ್ ಫಂಕ್ಷನ್ ಮೈಎಸ್‌ಕ್ಯೂಎಲ್‌ಐ_ಕನೆಕ್ಟ್' ಎಂದು ಬಿದ್ದರೆ ನಿಮ್ಮ ಕೋಡ್ ತಪ್ಪಿಲ್ಲ, 'ಪಿಎಚ್‌ಪಿ-ಮೈಎಸ್‌ಕ್ಯೂಎಲ್' ಪ್ಯಾಕೇಜ್ ಹಾಕಿಲ್ಲ ಅಷ್ಟೆ. ಹಾಕಿದ ಮೇಲೆ ಅಪಾಚೆಯನ್ನೇ ರೀಸ್ಟಾರ್ಟ್ ಮಾಡಬೇಕು. ಪಿಎಚ್‌ಪಿ ಅಪಾಚೆಯ ಹೊಟ್ಟೆಯೊಳಗಿರುವುದರಿಂದ ಐಎನ್‌ಐ ಫೈಲನ್ನು ಅದು ಓದುವುದು ಅಪಾಚೆ ಏಳುವಾಗ ಮಾತ್ರ.

ವಿಂಡೋಸ್‌ನಲ್ಲಿ ಬರೆದು ಪೆನ್‌ಡ್ರೈವಿನಲ್ಲಿ ತಂದ ಪ್ರಾಜೆಕ್ಟು ಲಿನಕ್ಸ್‌ನಲ್ಲಿ 404 ಎಂದರೆ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸಿಗೆ ಎರಡೂ ಒಂದೇ, ಲಿನಕ್ಸಿಗೆ ಅಲ್ಲ.

ಕನ್ನಡ ಹಾಕಿ ಪರೀಕ್ಷಿಸಿ

ಇದನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದಿಲ್ಲ. ಪಿಎಚ್‌ಪಿಯಲ್ಲಿ 'ಮೈಸೂರು' ಎಂಬ ಪದದ ಉದ್ದವನ್ನು 'ಎಸ್‌ಟಿಆರ್‌ಲೆನ್' ಮೂಲಕ ಕೇಳಿ, 18 ಎನ್ನುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಈ ಪದದಲ್ಲಿ ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ 6 ಸಂಕೇತ. 'ಎಂಬಿ_ಎಸ್‌ಟಿಆರ್‌ಲೆನ್' ಕೇಳಿದರೆ 6, 'ಗ್ರಾಫೀಮ್_ಎಸ್‌ಟಿಆರ್‌ಲೆನ್' ಕೇಳಿದರೆ ನಾವು ಎಣಿಸುವಂತೆ 3. ಉಬುಂಟುವಿನಲ್ಲಿ ಎರಡನೆಯದಕ್ಕೆ ಎಂಬಿಸ್ಟ್ರಿಂಗ್, ಮೂರನೆಯದಕ್ಕೆ ಇಂಟ್ಲ್ ಎಂಬ ಪ್ಯಾಕೇಜ್ ಬೇಕು. ಮೂರೂ ಉತ್ತರ ಬಂದರೆ ಕನ್ನಡದ ಕೆಲಸಕ್ಕೆ ಬೇಕಾದ ಎಕ್ಸ್‌ಟೆನ್ಶನ್‌ಗಳು ಅಪಾಚೆಯೊಳಗೆ ಕೂತಿವೆ ಎಂದಾಯಿತು. ಗ್ರಾಹಕರ ಹೆಸರನ್ನು ಬರೀ 'ಸಬ್‌ಎಸ್‌ಟಿಆರ್'ನಿಂದ ಕತ್ತರಿಸಿ ಕೊನೆಯಲ್ಲಿ ಪ್ರಶ್ನಾರ್ಥಕ ಚೌಕಗಳು ಬರುವುದೂ ಈ ಬೈಟ್ ಲೆಕ್ಕ ತಪ್ಪಿದ್ದರಿಂದಲೇ.

ಡೇಟಾಬೇಸಿನಿಂದ ಬರುವ ಕನ್ನಡವೆಲ್ಲ ಸಾಲು ಸಾಲು ಪ್ರಶ್ನೆ ಚಿಹ್ನೆಯಾದರೆ ಟೇಬಲ್ಲನ್ನೂ ಸಂಪರ್ಕವನ್ನೂ ಯುಟಿಎಫ್8ಎಂಬಿ4ಕ್ಕೆ ಬದಲಿಸಿ. ಆಗಲೇ ಪ್ರಶ್ನೆ ಚಿಹ್ನೆಯಾಗಿ ಉಳಿದುಹೋದದ್ದು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. 'ಹೆಡರ್ಸ್ ಆಲ್‌ರೆಡಿ ಸೆಂಟ್' ಎಂದು ಮೊದಲ ಸಾಲಿನತ್ತಲೇ ಬೆರಳು ತೋರಿಸಿದರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ಫೈಲಿನ ಮೊದಲಲ್ಲಿ ಕೂರುವ ಬಿಒಎಂ ಎಂಬ ಗುರುತಿನ ಸಮೇತ ಉಳಿಸಿರುತ್ತೀರಿ. ಕಣ್ಣಿಗೆ ಕಾಣದ ಆ 3 ಬೈಟುಗಳೇ ಹೆಡರಿಗಿಂತ ಮೊದಲು ಹೊರಟುಹೋಗುತ್ತವೆ. 'ಸೇವ್ ಆ್ಯಸ್' ಕೊಟ್ಟು ಬರೀ ಯುಟಿಎಫ್-8 ಆರಿಸಿ.

ಇಷ್ಟಾದ ಮೇಲೂ ಗೊಂದಲವಿದ್ದರೆ 'ಪಿಎಚ್‌ಪಿಇನ್ಫೊ' ಕರೆಯುವ ಒಂದು ಸಾಲಿನ ಫೈಲ್ ಮಾಡಿ ತೆರೆಯಿರಿ. 'ಸರ್ವರ್ ಎಪಿಐ' ಸಾಲಿನಲ್ಲಿ 'ಅಪಾಚೆ 2.0 ಹ್ಯಾಂಡ್ಲರ್' ಎಂದಿದ್ದರೆ ಓಡುತ್ತಿರುವುದು ಒಳಗಿನ ಮಾಡ್ಯೂಲು. 'ಲೋಡೆಡ್ ಕಾನ್ಫಿಗರೇಶನ್ ಫೈಲ್' ಎದುರಿಗಿರುವುದೇ ನೀವು ತಿದ್ದಬೇಕಾದ ಐಎನ್‌ಐ. ನೋಡಿದ ಕೂಡಲೇ ಆ ಫೈಲನ್ನು ಅಳಿಸಿ. ಆವೃತ್ತಿ, ಫೋಲ್ಡರಿನ ದಾರಿ ಎಲ್ಲವನ್ನೂ ಅದು ಅದೇ ವೈಫೈನಲ್ಲಿರುವ ಯಾರಿಗಾದರೂ ತೋರಿಸುತ್ತದೆ. ಅಳಿಸಿದ ಮೇಲೆ ಅದೇ ವಿಳಾಸವನ್ನು ಇನ್ನೊಮ್ಮೆ ತೆರೆದು 404 ಬರುತ್ತದೆಯೇ ಖಾತ್ರಿ ಮಾಡಿಕೊಳ್ಳಿ.