ತೆನೇರ್, ತೆಂದ್ರೀಯ ಮತ್ತು ನಮ್ಮ ‘ಇರುತ್ತಿತ್ತು’

ಸ್ಪ್ಯಾನಿಷ್‌ನ ತೆನೇರ್ ಕ್ರಿಯಾಪದಕ್ಕೆ ಕನ್ನಡದಲ್ಲಿ ನಾವು ಹೇಳುವುದು ‘ನನಗೆ ಇದೆ’, ‘ನನ್ನ ಹತ್ತಿರ ಇದೆ’ ಎಂದು. ಅದರ ಕಂಡೀಷನಲ್ ರೂಪ, ಅಂದರೆ ‘ಹೀಗಿದ್ದರೆ ಹಾಗೆ ಇರುತ್ತಿತ್ತು’ ಎನ್ನುವಾಗಿನ ತೆಂದ್ರೀಯ, ಬಾಯಿಪಾಠ ಮಾಡಲು ಕಷ್ಟವಿಲ್ಲ. ಬಳಸುವಾಗ ಮಾತ್ರ ಕನ್ನಡದ ಅಭ್ಯಾಸ ಅಡ್ಡ ಬರುತ್ತದೆ. ಕಲಿಸುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ.

ರೂಪದ ವಿಷಯ ಬೇಗ ಮುಗಿಸುತ್ತೇನೆ. ಮಾಮೂಲಿ ಕ್ರಿಯಾಪದವಾದರೆ ಇಡೀ ಮೂಲರೂಪಕ್ಕೇ ಪ್ರತ್ಯಯ ಸೇರಿಸಬೇಕು: ಕೊಂಪ್ರಾರ್, ಕೊಂಪ್ರರೀಯ. ತೆನೇರ್‌ನಲ್ಲಿ ನಡುವಿನ ಎ ಬಿದ್ದುಹೋಗಿ, ನ್ ಮತ್ತು ರ್ ನಡುವೆ ದ್ ಬರುತ್ತದೆ: ತೆಂದ್ರೀಯ, ತೆಂದ್ರೀಯಸ್, ತೆಂದ್ರೀಯ, ತೆಂದ್ರೀಯಮೊಸ್, ತೆಂದ್ರೀಯೈಸ್, ತೆಂದ್ರೀಯನ್. ಆರರಲ್ಲೂ ಒತ್ತು ‘ಈ’ ಸ್ವರದ ಮೇಲೆ. ಬರೆಯುವಾಗ ಆರರಲ್ಲೂ ಆ ಅಕ್ಷರದ ಮೇಲೆ ಗೀಟು ಬೇಕು. ಹೀಗೆ ಮೂಲವೇ ಬದಲಾಗುವ ಕ್ರಿಯಾಪದಗಳು, ಅವುಗಳಿಂದ ಹುಟ್ಟಿದವನ್ನು ಬಿಟ್ಟರೆ, 12 ಮಾತ್ರ. ಬೆನೀರ್, ಪೊನೇರ್, ಸಲೀರ್, ಬಲೇರ್ ಕೂಡ ದ್ ಸೇರಿಸಿಕೊಳ್ಳುವುದರಿಂದ ಈ ಐದನ್ನು ಒಟ್ಟಿಗೆ ಕಲಿಸುತ್ತೇನೆ.

ಭೂತಕಾಲದ ತೆನೀಯಕ್ಕೂ ತೆಂದ್ರೀಯಕ್ಕೂ ಕೊನೆ ಒಂದೇ, ನಡುವಿನ ‘ದ್ರ’ ಒಂದೇ ವ್ಯತ್ಯಾಸ. ಚಂದ್ರ, ಇಂದ್ರ ಎನ್ನುವ ನಾಲಿಗೆಗೆ ಉಚ್ಚಾರಣೆ ತೊಡಕಲ್ಲ. ಯಾವುದನ್ನು ಯಾವಾಗ ಹಾಕಬೇಕು ಎಂಬುದೇ ತೊಡಕು. ಈ ಎರಡು ವಾಕ್ಯ ನೋಡಿ:

‘ಚಿಕ್ಕವನಿದ್ದಾಗ ನನಗೆ ಬೇಕಾದಷ್ಟು ಸಮಯ ಇರುತ್ತಿತ್ತು.’
‘ಕೆಲಸ ಕಡಿಮೆ ಇದ್ದಿದ್ದರೆ ನನಗೆ ಸಮಯ ಇರುತ್ತಿತ್ತು.’

ಕನ್ನಡಕ್ಕೆ ಎರಡೂ ‘ಇರುತ್ತಿತ್ತು’. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ತೆನೀಯ, ಎರಡನೆಯದು ತೆಂದ್ರೀಯ. ನಾನು ಮಾಡಿಸುವ ಪರೀಕ್ಷೆ ಹೀಗೆ: ವಾಕ್ಯಕ್ಕೆ ‘ಆಗೆಲ್ಲ’ ಸೇರಿಸಿ ಓದಿ, ಹೊಂದಿಕೊಂಡರೆ ತೆನೀಯ. ‘ಹಾಗಿದ್ದಿದ್ದರೆ’ ಸೇರಿಸಿದಾಗ ಹೊಂದಿಕೊಂಡರೆ ತೆಂದ್ರೀಯ. ಆ ‘-ರೆ’ ಬಾಯಲ್ಲಿ ಬರದೆ ಮನಸ್ಸಿನಲ್ಲೇ ಉಳಿದಿದ್ದರೂ ಸರಿ.

ಮುಂದಿನ ತಪ್ಪು ಇದರ ಹಿಂದೆಯೇ ಬರುತ್ತದೆ. ‘-ರೆ’ ಅಂದರೆ ಸಿ ಎಂದು ಗೊತ್ತಾದ ಕೂಡಲೇ ‘ಸಿ ತೆಂದ್ರೀಯ’ ಎಂದು ಬರೆಯುತ್ತಾರೆ. ಷರತ್ತಿನ ಭಾಗಕ್ಕೆ ತುಬಿಯೇರ ಬೇಕು, ಅದು ತೆನೇರ್‌ನದೇ ಸಬ್‌ಜಂಕ್ಟಿವ್ ರೂಪ (‘ಇದ್ದಿದ್ದರೆ’ಯ ‘ಇದ್ದಿದ್ದ’ ಭಾಗ). ಕಂಡೀಷನಲ್ ಬರುವುದು ಫಲಿತಾಂಶದ ಭಾಗದಲ್ಲಿ. ಉತ್ತರ ಸ್ಪೇನಿನ ಬಾಸ್ಕ್ ಸೀಮೆ, ನವಾರ್ರ, ಬುರ್ಗೋಸ್ ಕಡೆ ಆಡುಮಾತಿನಲ್ಲಿ ‘ಸಿ ತೆಂದ್ರೀಯ’ ಕಿವಿಗೆ ಬೀಳುತ್ತದೆ, ಆದರೂ ಪರೀಕ್ಷೆಯಲ್ಲಿ ಅದು ತಪ್ಪೇ. ಸಿ ಎಂಬುದು ‘ಇರುತ್ತದೋ ಇಲ್ಲವೋ’ ಎಂಬ ಅರ್ಥದಲ್ಲಿ ಬಂದಾಗ ಮಾತ್ರ ಈ ನಿಯಮ ಅಡ್ಡ ಬರುವುದಿಲ್ಲ: ನೊ ಸೆ ಸಿ ತೆಂದ್ರೀಯ ತಿಯೆಂಪೊ, ಅಂದರೆ ‘ಸಮಯ ಇರುತ್ತಿತ್ತೋ ಇಲ್ಲವೋ ಗೊತ್ತಿಲ್ಲ’.

ವಚನದಲ್ಲೂ ಹುಷಾರಾಗಿರಬೇಕು. ‘ನನಗೆ ಎರಡು ಮನೆಗಳಿರುತ್ತಿದ್ದವು’ ಎನ್ನುವಾಗ ನಮ್ಮ ಕ್ರಿಯಾಪದ ಮನೆಗಳನ್ನು ಹಿಂಬಾಲಿಸುತ್ತದೆ. ತೆನೇರ್ ಯಜಮಾನನನ್ನು ಹಿಂಬಾಲಿಸುತ್ತದೆ. ಮನೆ ಎಷ್ಟಿದ್ದರೂ ನಾನೊಬ್ಬನೇ ಆದ್ದರಿಂದ ತೆಂದ್ರೀಯ. ತೆಂದ್ರೀಯನ್ ಬರೆದರೆ ಯಜಮಾನರು ‘ಅವರು’ ಆಗಿಬಿಡುತ್ತಾರೆ.

ಕನ್ನಡ ನೆರವಿಗೆ ಬರುವ ಜಾಗವೂ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಹಿಂದಿನ ವಿಷಯದ ಬಗ್ಗೆ ಅಂದಾಜು ಹೇಳಲು ಸ್ಪ್ಯಾನಿಷ್ ಇದೇ ರೂಪ ಬಳಸುತ್ತದೆ: ತೆಂದ್ರೀಯ ಉನೊಸ್ ತ್ರೇಯಿಂತ ಆನ್ಯೊಸ್, ಅಂದರೆ ಆಗ ಅವನಿಗೆ ಮೂವತ್ತು ವರ್ಷ ಇದ್ದೀತು. ನಮ್ಮ ‘ಇದ್ದೀತು, ಬಂದಾನು’ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಂಗಡಿಯಲ್ಲಿ ‘ತೆಂದ್ರೀಯ ಕಾಂಬಿಯೊ ದೆ ಸಿಂಕುಯೆಂತ?’ ಎಂದರೆ ‘ಐವತ್ತಕ್ಕೆ ಚಿಲ್ಲರೆ ಸಿಕ್ಕೀತಾ?’ ಎನ್ನುವಷ್ಟೇ ನಯ.

ಸಲಹೆಗೆ ತೆಂದ್ರೀಯಸ್ ಕೆ ಸೇರಿಸಿ ಮೂಲರೂಪ ಹಾಕಿ. ತಿಯೇನೆಸ್ ಕೆ ಇರ್ ಅಂದರೆ ‘ನೀನು ಹೋಗಲೇಬೇಕು’. ತೆಂದ್ರೀಯಸ್ ಕೆ ಇರ್ ಅಂದರೆ ‘ಹೋದರೆ ಒಳ್ಳೆಯದು’.

ಇನ್ನು ಬೇರೆಯವರ ಮಾತು ವರದಿ ಮಾಡುವುದು. ‘ಸಮಯ ಇರುತ್ತದೆ ಅಂದ’ ಎಂದು ನಾವು ಅವನ ಮಾತನ್ನು ಹಾಗೇ ಇಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ಅವನು ಹೇಳಿದ ತೆಂದ್ರೆ (ಭವಿಷ್ಯತ್ಕಾಲದ ‘ನನಗೆ ಇರುತ್ತದೆ’) ವರದಿಯಲ್ಲಿ ತೆಂದ್ರೀಯ ಆಗುತ್ತದೆ: ದೀಖೊ ಕೆ ತೆಂದ್ರೀಯ ತಿಯೆಂಪೊ. ಅವನು ಹೇಳಿದ ಸಮಯ ಇನ್ನೂ ಮುಂದಿದ್ದರೆ ತೆಂದ್ರಾ (ಭವಿಷ್ಯತ್ಕಾಲದ ‘ಅವನಿಗೆ ಇರುತ್ತದೆ’) ಎಂದರೂ ನಡೆಯುತ್ತದೆ.

ಬರೆದದ್ದನ್ನು ತಿದ್ದುವಾಗ ಮೊದಲು ಸಿ ಇರುವ ಭಾಗ, ಆಮೇಲೆ ‘ದ್ರ’, ಆಮೇಲೆ ಯಜಮಾನ ಯಾರು ಎಂಬುದು, ಕಡೆಗೆ ಗೀಟು, ಈ ಕ್ರಮದಲ್ಲಿ ನೋಡುತ್ತೇನೆ.