ಅಪ್ಪನ ಕಡೆಯ ಬೇರು ಹುಡುಕುವುದು ಹೀಗೆ

ಡಿಎನ್ಎ ಕಿಟ್ ಆಮೇಲೆ ತರಿಸಿ. ಮೊದಲು, ಮನೆಮನೆಗೆ ಬಂದು ವಂಶಾವಳಿ ಓದುವ ಹೆಳವರ ಮಾತು ಕೇಳಿ.

ಹೊಸದುರ್ಗದ ಹತ್ತಿರದ ನಮ್ಮ ಮನೆಗೆ ಹೆಳವರು ಬಂದಾಗ ನಾನು ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ. ಜಗಲಿ ಮೇಲೆ ಕೂತು, ವಂಶಾವಳಿ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಐದನೇ ತಲೆಗೆ ಬಂದಾಗ ಒಂದು ಮಾತು: ‘ಗಂಡು ಮಕ್ಕಳಿಲ್ಲ, ಅಳಿಯ ಮನೆಗೆ ಬಂದ.’ ಮೂರನೇ ಸಲ ಕೇಳಿದಾಗಲೇ ಅದು ನನ್ನ ಗಮನಕ್ಕೆ ಬಂದಿದ್ದು. ಮನೆತನದ ಹೆಸರು ನಮ್ಮದೇ, ಆದರೆ ಅಲ್ಲಿಂದ ಗಂಡುರೇಖೆ ಅಳಿಯನದು! ಬೇರೆ ವಂಶದಿಂದ ದತ್ತು ತಗೊಂಡಿದ್ದರೂ ಇದೇ ಕತೆ. ಇಂಥ ಮಾತು ಬಂದ ಕಡೆ ಗುರುತು ಹಾಕಿಕೊಳ್ಳಿ.

ಹೆಸರುಗಳನ್ನು ಹಳೇ ಕ್ರಯಪತ್ರ, ಪಹಣಿ ಜೊತೆ ತಾಳೆ ನೋಡಿ.

ಪೂರ್ವಜರು ಬ್ರಿಟಿಷರಾಗಿದ್ದರೆ ದಾರಿ ಬೇರೆ. ಮದ್ರಾಸ್ ಕಡೆಯ ಚರ್ಚುಗಳ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಸಮಾಧಿ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಸರಣಿಯಲ್ಲಿವೆ.

ಈಗ ವೈ-ಡಿಎನ್ಎ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ಬದಲಾಗುವುದು ತೀರಾ ಅಪರೂಪ. ಹೆಣ್ಣುಮಕ್ಕಳು ಅಪ್ಪ, ಅಣ್ಣ ಅಥವಾ ಅಪ್ಪನ ಅಣ್ಣನಿಂದ ಮಾಡಿಸಬೇಕು. ಒಬ್ಬರೇ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಹೋಲಿಸಿ ನೋಡೋಕೆ ದೂರದ ಕವಲಿನ ಒಬ್ಬ ದಾಯಾದಿಯನ್ನೂ ಒಪ್ಪಿಸಿ. ಏನು ಗೊತ್ತಾಗಬಹುದು ಅಂತ ಅವರಿಗೆ ಮೊದಲೇ ಹೇಳಿ, ಅದು ಅವರ ಮನೆಯ ವಿಷಯವೂ ಹೌದು ಅಲ್ವಾ?

ನಾವು ವೈ ಕ್ರೋಮೋಸೋಮಿನ 37 ಗುರುತುಗಳನ್ನು ಹೋಲಿಸುವ ಪರೀಕ್ಷೆ ಮಾಡಿಸಿದೆವು. ಚಳ್ಳಕೆರೆಯ ದಾಯಾದಿಗೂ ನನಗೂ 36 ಹೊಂದಿದವು. ಅಂದರೆ ಇಬ್ಬರದೂ ಒಂದೇ ಗಂಡುರೇಖೆ ಇರಬೇಕು; ಹೆಳವರ ಮಾತು ಸೇರಿಸಿ ನೋಡಿದರೆ ಅದು ಆ ಅಳಿಯನದೇ ಇರಬೇಕು. ಪರೀಕ್ಷೆ ಹೆಸರು ಹೇಳುವುದಿಲ್ಲ. ಅವನ ಹೆಸರಿಗಾಗಿ ಮತ್ತೆ ಹೆಳವರ ದಾರಿ ಕಾಯುತ್ತಿದ್ದೇನೆ.